ಸೊನ್ನೆ ಬಿಲ್ಲು, ಅಡವಿಟ್ಟ ಬೋರಮಾಳ

ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಕೊಟ್ಟ ಬಿಲ್ಲಿನ ಕೊನೆಯ ಸಾಲಿನಲ್ಲಿ, ರೋಗಿ ಕಟ್ಟಬೇಕಾದ ಮೊತ್ತ ಸೊನ್ನೆ ಅಂತ ಇತ್ತು. ಅಪ್ಪ ಅದನ್ನು ಮಡಚಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡ. ಓಣಿಯಲ್ಲಿ ಕೇಳಿದವರಿಗೆಲ್ಲ ತೆಗೆದು ತೋರಿಸಿದ. ಸುಳ್ಳೇನಲ್ಲ, ಕಾಲಿನ ಆಪರೇಷನ್ನಿಗೆ ನಮ್ಮಿಂದ ಒಂದು ರೂಪಾಯಿ ಹೋಗಲಿಲ್ಲ. ಆದರೆ ಆ ಹೊತ್ತಿಗೆ ಅವ್ವನ ಬೋರಮಾಳ, ಅಂದರೆ ಕೊರಳಿನ ಬಂಗಾರದ ಸರ, ಸೊಸೈಟಿಯ ಲಾಕರಿನಲ್ಲಿತ್ತು. ಮಗ್ಗ ನಿಂತಿತ್ತು. ನೇಯುವ ಕೆಲಸ ಕೊಡುವ ಸಾವ್ಕಾರರ ಹತ್ತಿರ ತಗೊಂಡಿದ್ದ ಮುಂಗಡ ಹಾಗೇ ಇತ್ತು. ಬಿಲ್ಲು ಸೊನ್ನೆ ಆದರೂ ನಾವು ಸಾಲಕ್ಕೆ ಬಿದ್ದದ್ದು ಹೇಗೆ ಅಂತ ಬರೆಯಬೇಕು ಅನ್ನಿಸಿತು. ಯಾಕಂದ್ರೆ ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಈ ರೋಗದಲ್ಲಿ ರೊಕ್ಕ ಹೋಗುವುದು ಎಲ್ಲರೂ ಹೆದರುವ ಆಪರೇಷನ್ನಿಗಲ್ಲ. ಅದಕ್ಕೂ ಮೊದಲು ಹೋಗುತ್ತದೆ, ಆಮೇಲೆ ಹೋಗುತ್ತಲೇ ಇರುತ್ತದೆ.

ನಾವು ಗದಗ-ಬೆಟಗೇರಿಯವರು. ಅಪ್ಪ ಕೈಮಗ್ಗದ ನೇಕಾರ. ನಮ್ಮದು ಕುಣಿಮಗ್ಗ. ನೆಲದ ಮೇಲೆ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ನೇಕಾರನ ಕೆಲಸ ಕೈಯದು ಅಂತ ಜನ ಅಂದುಕೊಳ್ಳುತ್ತಾರೆ. ಅರ್ಧ ಕೆಲಸ ಕಾಲಿನದು. ಸೀರೆ ಲೆಕ್ಕದಲ್ಲಿ ಕೂಲಿ. ಅವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾಳೆ, ಅದಕ್ಕೆ ಬೇರೆ ಕೂಲಿ ಇಲ್ಲ, ಅಪ್ಪನ ಕೂಲಿಯಲ್ಲೇ ಸೇರಿರುತ್ತದೆ. ನಾನು ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹೆಸರು ದೊಡ್ಡದು, ಗೌರವಧನ ಸಣ್ಣದು, ಅದೂ ತಿಂಗಳು ತಿಂಗಳು ಬರುವ ಭರವಸೆ ಇಲ್ಲ. ಅಪ್ಪನಿಗೆ ಶುಗರ್ ಬಂದು ಹತ್ತು ವರ್ಷದ ಮೇಲಾಯಿತು. ಬೀಡಿ ಅದಕ್ಕಿಂತ ಹಳೆಯದು.

ಮೊದಲು ಶುರುವಾದದ್ದು ನಡೆಯುವಾಗ. ಬೆಟಗೇರಿಯಿಂದ ಗಾಂಧಿ ಸರ್ಕಲ್ ಕಡೆ ಹೊರಟರೆ ನಡುವೆ ನಿಲ್ಲುತ್ತಿದ್ದ. ಎಡಗಾಲಿನ ಮೀನಖಂಡ ಹಿಂಡಿದ ಹಾಗೆ ಆಗುತ್ತದೆ, ಎರಡು ನಿಮಿಷ ನಿಂತರೆ ಹೋಗುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತದೆ. ಮಗ್ಗದ ಮೇಲೂ ಹಾಗೇ ಆಯಿತು. ತುಳಿಯುತ್ತ ತುಳಿಯುತ್ತ ನಿಲ್ಲಿಸಿ, ಬೀಡಿ ಹಚ್ಚಿ, ಮತ್ತೆ ತುಳಿಯುತ್ತಿದ್ದ. “ಲಾಳ್ಯಾಗ ನೂಲು ಮುಗದ್ರೂ ಮಗ್ಗ ಹೊಡದಂಗ ಆಗೇತಿ ನೋಡ ಈ ಕಾಲು” ಅನ್ನುತ್ತಿದ್ದ. ಆಮೇಲೆ ಗೊತ್ತಾಯಿತು, ಕಾಯಿಲೆಯನ್ನು ಅದಕ್ಕಿಂತ ಸರಿಯಾಗಿ ಯಾರೂ ಹೇಳಿರಲಿಲ್ಲ. ಸ್ನಾಯು ಕೆಲಸ ಮಾಡುತ್ತದೆ, ಅದಕ್ಕೆ ಬೇಕಾದ ರಕ್ತ ಬರುವುದಿಲ್ಲ.

ಓಣಿಯಲ್ಲಿ ಎಲ್ಲರೂ ನರದ ತ್ರಾಸು ಅಂದರು. ಎಣ್ಣೆ ತಿಕ್ಕುವವರ ಹತ್ತಿರ ಹೋದೆವು. ಆಮೇಲೆ ಎಲುಬಿನ ಡಾಕ್ಟರು. ಅವರು ಬೆನ್ನುಹುರಿಯಲ್ಲಿ ನರ ಒತ್ತಿದೆ ಅಂದರು, ಎಂಆರ್‌ಐ ಬರೆದರು. ಅದಕ್ಕೆ 6,500. ಈ ವಯಸ್ಸಿನಲ್ಲಿ ಯಾರ ಬೆನ್ನಿನ ಎಂಆರ್‌ಐ ತೆಗೆದರೂ ಏನಾದರೂ ಸವೆತ ಕಾಣುತ್ತದೆ, ಅಪ್ಪನದರಲ್ಲೂ ಕಂಡಿತು. ಸೊಂಟಕ್ಕೆ ಬೆಲ್ಟು, ನರಕ್ಕೆ ವಿಟಮಿನ್ ಗುಳಿಗೆ, ಇಂಜೆಕ್ಷನ್, ಶಾಖ ಕೊಡುವ ಫಿಸಿಯೋಥೆರಪಿ. ಎಲ್ಲ ಸೇರಿ ಮೂವತ್ತು ಸಾವಿರ ದಾಟಿತು. ಈ ರೊಕ್ಕ ಯಾವ ಕಾರ್ಡಿಗೂ ಬರುವುದಿಲ್ಲ. ಹೊರರೋಗಿಯಾಗಿ ಖಾಸಗಿಯಲ್ಲಿ ಖರ್ಚು ಮಾಡಿದ್ದು ಹೋಯಿತು ಅಂತಲೇ ಲೆಕ್ಕ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಯಾರಿಗಾದರೂ ಆ ಮೂವತ್ತು ಸಾವಿರ ಉಳಿದರೆ ಉಳಿಯಲಿ. ಬೆನ್ನಿನ ನರ ಒತ್ತಿ ಬರುವ ಕಾಲುನೋವು ಸುಮ್ನೆ ನಿಂತರೆ ಹೋಗುವುದಿಲ್ಲ, ಕೂರಬೇಕು ಇಲ್ಲಾ ಮುಂದಕ್ಕೆ ಬಾಗಬೇಕು. ರಕ್ತನಾಳದ ನೋವು ನಿಂತಲ್ಲೇ ನಿಂತರೂ ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಅಪ್ಪ ಎಲ್ಲ ಡಾಕ್ಟರ ಮುಂದೆಯೂ “ನಿಂತ್ರ ಹೋಕ್ಕೇತ್ರಿ” ಅಂತಲೇ ಹೇಳುತ್ತಿದ್ದ. ಯಾರೂ ಬೂಟು ಚಪ್ಪಲಿ ಬಿಚ್ಚಿಸಿ ಪಾದ ಮುಟ್ಟಿ ನೋಡಲಿಲ್ಲ.

ಆಮೇಲೆ ರಾತ್ರಿ ನೋವು ಶುರುವಾಯಿತು. ಮಲಗಿದರೆ ಪಾದ ಉರಿ. ನಡುರಾತ್ರಿ ಎದ್ದು ಹೋಗಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ. ಲೈಟು ಹಾಕುತ್ತಿರಲಿಲ್ಲ, ನೇಯುತ್ತಲೂ ಇರಲಿಲ್ಲ. ಕಾಲು ಇಳಿಬಿಟ್ಟರೆ ರಕ್ತ ತನ್ನ ಭಾರಕ್ಕೆ ಒಂದಿಷ್ಟು ಕೆಳಗೆ ಇಳಿಯುತ್ತದೆ, ಅದಕ್ಕೇ ಆರಾಮ ಅನ್ನಿಸುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು. ಹೀಗೆ ಕಾಲು ಇಳಿಬಿಟ್ಟು ರಾತ್ರಿ ಕಳೆಯುವ ಹಂತಕ್ಕೆ ಬಂದರೆ ಕಾಲು ಉಳಿಸಿಕೊಳ್ಳಲು ಹೆಚ್ಚು ಸಮಯ ಇಲ್ಲ ಅಂತ ಅರ್ಥವಂತೆ.

ನೆಂಟರ ಮದುವೆಗೆ ಕೊಂಡ ಹೊಸ ಚಪ್ಪಲಿ ಕಿರುಬೆರಳನ್ನು ಕಚ್ಚಿತು. ಗಾಯ ಮಾಯಲಿಲ್ಲ. ಬೆರಳಿನ ತುದಿ ಕಪ್ಪಾಗುತ್ತ ಬಂತು. ಅವ್ವ ಹಟ ಹಿಡಿದು ಜಿಮ್ಸ್‌ಗೆ, ಅಂದರೆ ಮಲ್ಲಸಮುದ್ರದ ಹತ್ತಿರದ ನಮ್ಮ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೊದಲು ಮಾಡಿದ ಕೆಲಸ ಅಂದರೆ ಎರಡೂ ಪಾದ ಮುಟ್ಟಿ ಯಾವುದು ತಣ್ಣಗಿದೆ ಅಂತ ನೋಡಿದ್ದು. ಪಾದದ ಮೇಲೆ, ಆಮೇಲೆ ಒಳಗಂಟಿನ ಹಿಂದೆ ಬೆರಳಿಟ್ಟು ನಾಡಿ ಹುಡುಕಿದರು. ಎಡಗಾಲಿನಲ್ಲಿ ಸಿಗಲಿಲ್ಲ. ಬಿಪಿ ನೋಡುವ ಪಟ್ಟಿಯನ್ನೇ ಪಾದದ ಗಂಟಿನ ಮೇಲ್ಗಡೆ ಕಟ್ಟಿ, ರಕ್ತ ಹರಿಯುವ ಸದ್ದು ಕೇಳಿಸುವ, ಪೆನ್ನಿನಂಥ ಸಣ್ಣ ಡಾಪ್ಲರ್ ಇಟ್ಟು ಒತ್ತಡ ಅಳೆದರು. ತೋಳಿನಲ್ಲಿ 150, ಕಾಲಿನಲ್ಲಿ 60. ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಬೇಕು. 0.4 ಬಂತು. ಆರೋಗ್ಯವಂತರಲ್ಲಿ 1ರ ಆಸುಪಾಸು ಇರಬೇಕು, 0.9ಕ್ಕಿಂತ ಇಳಿದರೆ ರಕ್ತನಾಳ ಕಿರಿದಾಗಿದೆ ಅಂತ. ಶುಗರ್ ಇದ್ದವರಲ್ಲಿ ನಾಳ ಸುಣ್ಣಗಟ್ಟಿ ಗಡುಸಾಗಿ ಅಂಕಿ ಇರುವುದಕ್ಕಿಂತ ಜಾಸ್ತಿ ತೋರಿಸುವುದೂ ಉಂಟು. ಹಾಗಿದ್ದೂ 0.4 ಬಂದಿದೆ ಅಂದರೆ ತಡ ಮಾಡಬೇಡಿ ಅಂದರು.

ಐದು ನಿಮಿಷದ ಪರೀಕ್ಷೆ. ನಮಗೆ ಹತ್ತಿದ್ದು ಚೀಟಿ ಮಾಡಿಸಿದ ದುಡ್ಡು ಮಾತ್ರ. 6,500ರ ಎಂಆರ್‌ಐ ಹೇಳದ್ದನ್ನು ಬಿಪಿ ಪಟ್ಟಿ ಹೇಳಿತು. ಶುಗರ್ ಚೆಕ್ ಮಾಡುವಲ್ಲೆಲ್ಲ, ಬೀಡಿ ಸೇದುವ ಐವತ್ತು ದಾಟಿದವರಿಗೆಲ್ಲ ಇದನ್ನು ಮಾಡಿದರೆ ಎಷ್ಟು ಕಾಲು ಉಳಿದಾವು ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊದಲ ಹಂತದಲ್ಲಿ ಗೊತ್ತಾದರೆ ಇದರ ಚಿಕಿತ್ಸೆ ತೀರಾ ಅಗ್ಗ: ಬೀಡಿ ಬಿಡಬೇಕು, ನಡೆಯಬೇಕು, ಒಂದು ಆಸ್ಪಿರಿನ್, ಒಂದು ಕೊಲೆಸ್ಟರಾಲ್ ಗುಳಿಗೆ, ಶುಗರ್ ಬಿಪಿ ಹತೋಟಿ. ಆಸ್ಪಿರಿನ್ ಗುಳಿಗೆಗೆ ಒಂದು ರೂಪಾಯಿ ಕೂಡ ಇಲ್ಲ. ಆ ಹಂತ ತಪ್ಪಿದರೆ ಲೆಕ್ಕ ಲಕ್ಷಕ್ಕೆ ಹೋಗುತ್ತದೆ.

ಜಿಮ್ಸ್‌ನಿಂದ ಹುಬ್ಬಳ್ಳಿಗೆ ರೆಫರಲ್ ಬರೆದುಕೊಟ್ಟರು. ಆ ಕಾಗದ ಬಹಳ ಮುಖ್ಯ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಇಂಥ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋದರೆ, ತುರ್ತು ಅಲ್ಲದಿದ್ದರೆ, ಕಾರ್ಡು ಕೈಯಲ್ಲಿದ್ದೂ ಕೆಲಸ ಆಗುವುದಿಲ್ಲ. ಈ ಯೋಜನೆ 2018ರಲ್ಲಿ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ನಮ್ಮದು ಬಿಪಿಎಲ್. ಆದರೆ ಆಧಾರಿನಲ್ಲಿ ಅಪ್ಪನ ಹೆಸರಿನ ಜೊತೆ ಅಡ್ಡಹೆಸರು ಇತ್ತು, ರೇಷನ್ ಕಾರ್ಡಿನಲ್ಲಿ ಇರಲಿಲ್ಲ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಬೆರಳು ಕಪ್ಪಾಗುತ್ತ ಮೇಲೇರುತ್ತಿದೆ, ನಾವು ಹೆಸರು ಹೊಂದಿಸಲು ಕೌಂಟರಿನಿಂದ ಕೌಂಟರಿಗೆ ಓಡುತ್ತಿದ್ದೇವೆ. ಮನೆಯಲ್ಲಿ ಶುಗರ್ ಇದ್ದವರು ಯಾರಾದರೂ ಇದ್ದರೆ ಕಾಯಿಲೆ ಬೀಳುವ ಮೊದಲೇ ಈ ಎರಡು ಕಾಗದ ಪಕ್ಕದಲ್ಲಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಓಡಾಟದ ಕೆಲಸಕ್ಕೆಲ್ಲ ನಾನು ಮತ್ತು ಅವ್ವ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ರಿಪೋರ್ಟ್ ತರುವುದು, ಸಹಿ ಹಾಕಿಸುವುದು, ಡಾಕ್ಟರು ಇದ್ದಾರಾ ಅಂತ ಕೇಳುವುದು, ಎಲ್ಲಕ್ಕೂ ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತಗೊಂಡು ಹೋಗಿಬಂದೆವು. ಅಪ್ಪನ ಕಾಲಿನ ಕೆಲಸಕ್ಕೆ ಅಪ್ಪನನ್ನು ಮನೆಯಲ್ಲಿ ಬಿಟ್ಟು ಹೋಗುವುದೇ ಲಾಭ. ತಮಾಷೆ ಅಂದರೆ ಗದಗದಿಂದ ಹುಬ್ಬಳ್ಳಿಯ ಅರವತ್ತು ಕಿಲೋಮೀಟರಿಗೆ ಏನೂ ಇಲ್ಲ, ಬಸ್ಸಿಳಿದು ಆಸ್ಪತ್ರೆಗೆ ಹೋಗುವ ಆಟೋಗೆ ನೂರೈವತ್ತು. ಅದಕ್ಕೂ ಮೇಲೆ, ನಾನು ಶಾಲೆ ತಪ್ಪಿಸಿದ ದಿನದ ಲೆಕ್ಕ ಯಾರೂ ಬರೆಯುವುದಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಿಟಿ ಆಂಜಿಯೋಗ್ರಾಂ ಆಗಬೇಕು ಅಂದರು. ಹೊಟ್ಟೆಯಿಂದ ಪಾದದವರೆಗೆ ರಕ್ತನಾಳದ ಚಿತ್ರ. ಅದಕ್ಕೆ ಬಣ್ಣದ ಔಷಧಿ ಚುಚ್ಚುತ್ತಾರೆ, ಅದು ಕಿಡ್ನಿಗೆ ಭಾರ. ಶುಗರ್ ಇದ್ದವರಿಗೆ ಮೊದಲು ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತಪರೀಕ್ಷೆ, ನೋಡಲೇಬೇಕು. ಹೃದಯ ಹೇಗಿದೆ ಅಂತ ಎಕೋ. ಅಡ್ಮಿಟ್ ಆಗುವ ಮೊದಲು ಮಾಡಿಸಿದ್ದರಿಂದ ಇವೆಲ್ಲ ನಮ್ಮ ಕೈಯಿಂದಲೇ. ಆಂಜಿಯೋಗ್ರಾಂ ಒಂದಕ್ಕೇ 9,000. ಬೋರಮಾಳ ಸೊಸೈಟಿಗೆ ಹೋದದ್ದು ಆವತ್ತು. ಅವ್ವ ಕೊರಳಿಂದ ತೆಗೆದು ಕರ್ಚೀಫಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಕೈಗಡ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ, ಸೊಸೈಟಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಬಂಗಾರದ ದರ ಏರಿದ್ದು ನಮಗೆ ಉಪಕಾರವಾದದ್ದು ಅದೊಂದೇ ಸಲ.

ಚಿತ್ರ ನೋಡಿ ಡಾಕ್ಟರು ವಿವರಿಸಿದರು. ತೊಡೆಯ ದೊಡ್ಡ ನಾಳ ಒಂದಿಷ್ಟು ಉದ್ದಕ್ಕೆ ಪೂರ್ತಿ ಮುಚ್ಚಿದೆ. ಮೊಣಕಾಲಿನ ಕೆಳಗೆ ಮೂರು ನಾಳದಲ್ಲಿ ಒಂದು ಮಾತ್ರ ಪಾದದವರೆಗೆ ಹೋಗುತ್ತಿದೆ, ಅದೂ ಕಿರಿದಾಗಿ. ದಾರಿ ಎರಡು. ತೊಡೆಸಂದಿನಿಂದ ತಂತಿ ತೂರಿಸಿ ಬಲೂನ್ ಉಬ್ಬಿಸಿ ನಾಳ ತೆರೆಯುವುದು, ಬೇಕಾದ ಕಡೆ ಸ್ಟೆಂಟ್, ಅಂದರೆ ನಾಳ ತೆರೆದೇ ಇರುವ ಹಾಗೆ ಹಿಡಿಯುವ ಜಾಳಿಗೆಯ ಕೊಳವೆ, ಇಡುವುದು. ಇಲ್ಲಾ ಬೈಪಾಸ್, ಅಂದರೆ ಕಾಲಿನದೇ ಒಂದು ಅಭಿಧಮನಿ ತೆಗೆದು ಮುಚ್ಚಿದ ಜಾಗ ದಾಟಿಸಿ ಹೊಲಿಯುವುದು. ಬೈಪಾಸಿಗೆ ಬೇಕಾದ ನಾಳ ನಮ್ಮದೇ ಮೈಯಲ್ಲಿದೆ, ಅದಕ್ಕೆ ಯಾವ ಕಂಪನಿಗೂ ರೊಕ್ಕ ಕೊಡಬೇಕಿಲ್ಲ. ಆದರೆ ಅರಿವಳಿಕೆ ದೊಡ್ಡದು, ಕೊಯ್ತ ದೊಡ್ಡದು, ಆಸ್ಪತ್ರೆಯಲ್ಲಿ ಇರುವ ದಿನ ಜಾಸ್ತಿ. ಯಾವುದು ಒಳ್ಳೆಯದು ಅಂತ ಕೇಳಿದೆ. ಅವರು ನಕ್ಕರು. 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ, ಒಳ್ಳೆಯ ಅಭಿಧಮನಿ ಇದ್ದರೆ ಬೈಪಾಸ್ ಮೇಲು ಅಂದಿತಂತೆ. ಮರುವರ್ಷ ಬಂದ ಇನ್ನೊಂದು, ಮೊಣಕಾಲಿನ ಕೆಳಗಿನ ನಾಳಗಳಿಗೆ ಬಲೂನೇ ಮೇಲು ಅಂದಿತಂತೆ. ಅಪ್ಪನ ಕಾಲಿನ ಅಭಿಧಮನಿ ಸಣ್ಣದಿತ್ತು, ಹೃದಯವೂ ದೊಡ್ಡ ಅರಿವಳಿಕೆ ತಡೆಯುವಷ್ಟು ಗಟ್ಟಿ ಇರಲಿಲ್ಲ. ಬಲೂನ್ ಅಂತ ತೀರ್ಮಾನವಾಯಿತು.

ಅಪ್ಪ ಅಲ್ಲಿವರೆಗೆ ಸುಮ್ಮನಿದ್ದವನು ಒಂದೇ ಪ್ರಶ್ನೆ ಕೇಳಿದ. “ಕಾಲ ಕಡದ್ರ ಕಡಿಮಿ ಆಕ್ಕೇತೇನ್ರಿ ಸಾಹೇಬ್ರ?”

ಡಾಕ್ಟರು, “ಆಸ್ಪತ್ರೆಗೆ ಕಡಿಮೆ ಆಗ್ತದ ಯಜಮಾನ್ರ. ನಿಮಗ ಅಲ್ಲ” ಅಂದರು.

ಕಾರ್ಡು ಇಲ್ಲದಿದ್ದರೆ ಎಷ್ಟಾಗುತ್ತಿತ್ತು ಅಂತ ಬಿಲ್ಲಿಂಗ್‌ನಲ್ಲಿ ಕೇಳಿದ್ದೆ. 1.8ರಿಂದ 2.2 ಲಕ್ಷ ಅಂತ ಚೀಟಿಯಲ್ಲಿ ಬರೆದುಕೊಟ್ಟರು, ಸ್ಟೆಂಟ್ ಬೇರೆ ಅಂತ ಕೆಳಗೆ ಸೇರಿಸಿದರು. ನಮ್ಮ ಶಾಲೆಯ ಹೆಡ್‌ಮಾಸ್ತರಿಗೆ ಹೃದಯದಲ್ಲಿ ಸ್ಟೆಂಟ್ ಹಾಕಿದಾಗ ಅದಕ್ಕೆ ಸರ್ಕಾರದ ರೇಟು ಇತ್ತಲ್ಲ, ಕಾಲಿಗೆ ಯಾಕಿಲ್ಲ ಅಂತ ತಲೆಗೆ ಹೊಕ್ಕಿತು. ಹುಡುಕಿ ಓದಿದೆ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಹೃದಯದ ಸ್ಟೆಂಟಿಗೆ ಬೆಲೆ ಮಿತಿ ಹಾಕಿತು. ಔಷಧಿ ಲೇಪಿಸಿದ್ದಕ್ಕೆ ಆಗ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260. ಅದೇ ವರ್ಷ ಆಗಸ್ಟ್‌ನಲ್ಲಿ ಮೊಣಕಾಲಿನ ಕೃತಕ ಕೀಲಿಗೂ ಮಿತಿ ಬಂತು. ಕಾಲಿನ ರಕ್ತನಾಳದ ಸ್ಟೆಂಟ್ ಮಾತ್ರ ಆ ಆದೇಶದಲ್ಲಿ ಇಲ್ಲ. ಅದು ಬೇರೆಯ ತರಹದ್ದು ನಿಜ, ಉದ್ದ ಜಾಸ್ತಿ, ಕಾಲು ಮಡಚಿದರೆ ಬಾಗಿ ಮತ್ತೆ ತೆರೆದುಕೊಳ್ಳುವ ಲೋಹದ್ದು. ಅದರ ಎಂಆರ್‌ಪಿಯನ್ನು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ ಅನ್ನುವ ನಿಯಮವೇನೋ ಇದೆ. ಆದರೆ ಮೊದಲ ಬೆಲೆಯನ್ನೇ ಎಲ್ಲಿಗೋ ಇಟ್ಟರೆ ಆ ನಿಯಮದಿಂದ ಬಡವನಿಗೆ ಏನು ಬಂತು? ಹೃದಯ ನಿಂತರೆ ಸಾವು, ಅದಕ್ಕೇ ಕೂಗು ಎದ್ದಿತು. ಕಾಲು ಹೋದರೆ ಮನುಷ್ಯ ಬದುಕಿರುತ್ತಾನೆ, ಕೂಗುವವರು ಕಡಿಮೆ.

ಅಡ್ಮಿಟ್ ಆದ ಮೇಲೆ ಆಸ್ಪತ್ರೆಯವರು ಚಿತ್ರ, ರಿಪೋರ್ಟ್ ಎಲ್ಲ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಬಂತು. ಹಿಂದಿನ ಸಂಜೆ ಬಿಲ್ಲಿಂಗ್ ಕಡೆಯ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಮೊಣಕಾಲಿನ ಕೆಳಗೆ ಔಷಧಿ ಸವರಿದ ಬಲೂನ್ ಹಾಕಿದರೆ ಒಳ್ಳೆಯದು, ಅದು ಪ್ಯಾಕೇಜಿನಲ್ಲಿ ಬರುವುದಿಲ್ಲ, 45,000 ಕಟ್ಟಬೇಕು, ನಾಳೆ ಬೆಳಿಗ್ಗೆ ಒಳಗೆ ಅಂದರು. ನಿಮ್ಮಪ್ಪಾರ ಕಾಲು ನೋಡ್ರಿ ಅಂತ ಕೊನೆಗೆ ಒಂದು ಮಾತು ಸೇರಿಸಿದರು. ಆ ಮಾತು ಕೇಳಿದ ಮೇಲೆ ಎಂಥವರಿಗೂ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ.

ಕೆಳಗಿನ ಮಹಡಿಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂರುತ್ತಾರೆ. ಯೋಜನೆಯ ರೋಗಿಗಳಿಗೆ ಸಹಾಯ ಮಾಡುವುದೇ ಅವರ ಕೆಲಸ. ಓಡಿಹೋಗಿ ಕೇಳಿದೆ. ಬಿಪಿಎಲ್ ರೋಗಿಯಿಂದ ಒಪ್ಪಿಗೆಯಾದ ಚಿಕಿತ್ಸೆಗೆ ಮೇಲೆ ರೊಕ್ಕ ಕೇಳುವ ಹಾಗಿಲ್ಲ ಅಂದರು. ಕೇಳಿದರೆ ಬರೆದುಕೊಡಿ ಅಂತ ಹೇಳಿ ಅಂತಲೂ ಹೇಳಿಕೊಟ್ಟರು. ನಾನು ಮೇಲೆ ಹೋಗಿ, ಮಾಸ್ತರಿಕಿ ಮಾಡುವವರ ದನಿಯಲ್ಲಿ, “ಇಷ್ಟು ಕಟ್ಟಬೇಕು, ಇದಕ್ಕೆ ಕಟ್ಟಬೇಕು ಅಂತ ಲೆಟರ್‌ಹೆಡ್ ಮೇಲೆ ಬರೆದುಕೊಡಿ ಸರ್, ಸೊಸೈಟಿಯಲ್ಲಿ ಸಾಲಕ್ಕೆ ತೋರಿಸಬೇಕು” ಅಂದೆ. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಡಾಕ್ಟರನ್ನು ಕೇಳಿದರೆ ಅವರಿಗೆ ಗೊತ್ತೇ ಇರಲಿಲ್ಲ, ಸಾದಾ ಬಲೂನೇ ಸಾಕು ಅಂದರು. ಇಂಥ ಸಮಯದಲ್ಲಿ ಆರೋಗ್ಯಮಿತ್ರ ಸಿಗದಿದ್ದರೆ 14555ಕ್ಕೆ ಫೋನ್ ಮಾಡಬಹುದು.

ಆಪರೇಷನ್ ಬಗ್ಗೆ ಹೇಳುವುದು ಕಡಿಮೆ. ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ, ಅಪ್ಪ ಒಳಗೆ ಡಾಕ್ಟರ ಜೊತೆ ಮಾತಾಡುತ್ತಲೇ ಇದ್ದನಂತೆ. ತೊಡೆಯಲ್ಲಿ ಒಂದು ಸ್ಟೆಂಟ್, ಕೆಳಗೆ ಬಲೂನ್. ಹೊರಗೆ ಬಂದ ಮೇಲೆ ತಾಸುಗಟ್ಟಲೆ ಕಾಲು ಮಡಚದೆ ಮಲಗಬೇಕಿತ್ತು. ಸಂಜೆ ಅವ್ವ ಪಾದ ಮುಟ್ಟಿ ಬೆಚ್ಚಗಾಗಿದೆ ಅಂದಳು. ಕಿರುಬೆರಳು ಮಾತ್ರ ಉಳಿಯುವ ಹಾಗಿರಲಿಲ್ಲ, ಕೆಲವು ದಿನ ಬಿಟ್ಟು ತೆಗೆದರು.

ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ಹಾವೇರಿ ಜಿಲ್ಲೆಯವರು. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ. ಅವರು ಬಂದದ್ದು ತಡವಾಗಿತ್ತು. ಪಾದ ಪೂರ್ತಿ ಕೊಳೆತು, ನಂಜು ಮೇಲೇರಿ, ಮೊಣಕಾಲಿನ ಮೇಲೆ ಕತ್ತರಿಸಿದ್ದರು. ಅವರ ಬಿಲ್ಲೂ ಸೊನ್ನೆ. ನಮಗಿಂತ ಬೇಗ ಮನೆಗೂ ಹೊರಟರು. ಕಾಗದದ ಮೇಲೆ ನೋಡಿದರೆ ನಮಗಿಂತ ಅಗ್ಗದಲ್ಲಿ ಮುಗಿಯಿತು. ಆದರೆ ಚೀಲ ಹೊರುವ ಮನುಷ್ಯ ಇನ್ನು ಏನು ಹೊರುತ್ತಾನೆ? ಅವರ ಹೆಂಡತಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು, ಇನ್ನು ಗಂಡನನ್ನು ಎಬ್ಬಿಸಿ ಕೂರಿಸಲು ಮನೆಯಲ್ಲೇ ಇರಬೇಕು. ಒಂದು ಕಾಲಿಗೆ ಎರಡು ಕೂಲಿ ಹೋಯಿತು. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ ಆವರಣದ ಮಹಾವೀರ ಲಿಂಬ್ ಸೆಂಟರಿನಲ್ಲಿ ಕೃತಕ ಕಾಲು ಪುಕ್ಕಟೆ ಮಾಡಿಕೊಡುತ್ತಾರೆ ಅಂತ ನರ್ಸಮ್ಮ ಹೇಳಿ ಚೀಟಿಯಲ್ಲಿ ಬರೆದುಕೊಟ್ಟರು. ಗಾಯ ಪೂರ್ತಿ ಮಾಯ್ದು, ಮೊಂಡುಕಾಲಿನ ಬಾವು ಇಳಿದ ಮೇಲೆ ಅಳತೆ ತಗೊಳ್ಳುತ್ತಾರಂತೆ. ಮೊಣಕಾಲು ಉಳಿದಿದ್ದರೆ ಕೃತಕ ಕಾಲಿನಲ್ಲಿ ನಡೆಯುವುದು ಎಷ್ಟೋ ಸಲೀಸು, ಮೇಲೆ ಕತ್ತರಿಸಿದರೆ ಕಷ್ಟ. ಕಾಲಿನ ಒಂದೊಂದು ಇಂಚಿಗೂ ಬೆಲೆ ಇದೆ ಅಂತ ಅವರನ್ನು ನೋಡಿದ ಮೇಲೆ ಅಪ್ಪನಿಗೂ ತಿಳಿಯಿತು. ಕಡದ್ರ ಕಡಿಮಿ ಅನ್ನುವ ಮಾತು ಮತ್ತೆ ಆಡಲಿಲ್ಲ.

ಮನೆಗೆ ಬಂದ ಮೇಲೆ ನಿಜವಾದ ಲೆಕ್ಕ ಶುರು. ಬೆರಳು ತೆಗೆದ ಜಾಗಕ್ಕೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಮೊದಮೊದಲು ಆಟೋದಲ್ಲಿ ಕರೆದುಕೊಂಡು ಹೋದೆವು. ಆಮೇಲೆ ನರ್ಸಮ್ಮನ ಹತ್ತಿರ ನಾನೇ ಕಲಿತೆ. ಗಾಜ್, ಸಲೈನ್, ಪಟ್ಟಿ ಅಂತ ಮೆಡಿಕಲ್ ಶಾಪಿನಲ್ಲಿ ಸಣ್ಣ ಸಣ್ಣ ಬಿಲ್ಲು. ಮೆತ್ತನೆಯ ಎಂಸಿಆರ್ ಚಪ್ಪಲಿ 900. ಶುಗರ್ ಇದ್ದು ಪಾದಕ್ಕೆ ಸ್ಪರ್ಶ ಕಡಿಮೆ ಆದವರು ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬಾರದು. ಇಲ್ಲಿ ಕಂಜೂಸಿ ಮಾಡಿದರೆ ಇನ್ನೊಂದು ಬೆರಳು ಹೋಗುತ್ತದೆ.

ಕೆಲವು ಗುಳಿಗೆ ಅಂತೂ ಜೀವನಪೂರ್ತಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್, ನಡೆಯುವ ದೂರ ಹೆಚ್ಚಿಸಲು ಸಿಲೋಸ್ಟಜಾಲ್, ಜೊತೆಗೆ ಶುಗರ್ ಬಿಪಿಯದ್ದು. ಸಿಲೋಸ್ಟಜಾಲ್ ಹೃದಯ ಸೋತವರಿಗೆ ಕೊಡುವ ಹಾಗಿಲ್ಲ, ಅಪ್ಪನ ಹೃದಯ ಸೋತಿಲ್ಲ ಅಂತ ಎಕೋದಲ್ಲಿ ಗೊತ್ತಾಗಿದ್ದು ಅದಕ್ಕೂ ಉಪಯೋಗಕ್ಕೆ ಬಂತು. ಆಸ್ಪತ್ರೆಯ ಕೆಳಗಿನ ಅಂಗಡಿಯಲ್ಲಿ ಮೊದಲ ತಿಂಗಳಿಗೆ 2,100 ಆಯಿತು. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿತ್ತು. ಡಾಕ್ಟರ ಹತ್ತಿರ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋದೆ. ಸಿಕ್ಕಷ್ಟನ್ನು ಅಲ್ಲಿ, ಸಿಗದ್ದನ್ನು ಹೊರಗೆ ತಗೊಂಡರೂ ಈಗ 800ರ ಒಳಗೆ ಮುಗಿಯುತ್ತದೆ. ಅವ್ವನ ಗೃಹಲಕ್ಷ್ಮಿಯ 2,000 ಬಂದ ತಿಂಗಳು ಅದರಲ್ಲೇ ಗುಳಿಗೆ. ಬಾರದ ತಿಂಗಳು ನನ್ನ ಕೈಯಿಂದ. ರಕ್ತ ತೆಳು ಮಾಡುವ ಗುಳಿಗೆಯನ್ನು ರೊಕ್ಕ ಇಲ್ಲ ಅಂತ ನಡುವೆ ಬಿಟ್ಟರೆ ಸ್ಟೆಂಟ್ ಒಮ್ಮೆಲೇ ಕಟ್ಟಿಕೊಳ್ಳಬಹುದು. ಕಾಲು ಇದ್ದಕ್ಕಿದ್ದ ಹಾಗೆ ಬಿಳಿಚಿ, ತಣ್ಣಗಾಗಿ, ತಡೆಯಲಾರದ ನೋವು ಬಂದರೆ ತಾಸು ಎಣಿಸುತ್ತ ಕೂರದೆ ಆಸ್ಪತ್ರೆಗೆ ಓಡಿ ಬನ್ನಿ, ಆರು ತಾಸಿನ ಆಚೆ ಹೋದರೆ ಕಾಲು ಉಳಿಸುವುದು ಕಷ್ಟ ಅಂತ ಡಿಸ್ಚಾರ್ಜ್ ದಿನವೇ ಹೇಳಿ ಕಳಿಸಿದ್ದರು.

ಎಲ್ಲಕ್ಕಿಂತ ದೊಡ್ಡ ಖರ್ಚಿಗೆ ಬಿಲ್ಲೇ ಇಲ್ಲ. ಮಗ್ಗ ನಿಂತದ್ದು. ಅಪ್ಪ ಮಲಗಿದರೆ ಅವ್ವನ ಕಂಡಿಕೆಗೂ ಕೆಲಸ ಇಲ್ಲ. ಅರ್ಧ ನೇಯ್ದ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು, ಮಗ್ಗದ ಮೇಲೇ ಇತ್ತು. ಸಾವ್ಕಾರರು ಕೆಟ್ಟವರಲ್ಲ, ನೋಡಲು ಬಂದಾಗ ಬಾಳೆಹಣ್ಣು ತಂದಿದ್ದರು. ಆದರೆ ಅವರಿಗೂ ಸೀರೆ ಬೇಕಿತ್ತು. ಒಂದು ದಿನ ಬಂದು ಹಾಸು ಬಿಚ್ಚಿಸಿಕೊಂಡು ಹೋಗಿ ಬೇರೆಯವರಿಗೆ ಕೊಟ್ಟರು. ಮುಂಗಡ ಆಮೇಲೆ ಮುರಿದುಕೊಂಡರಾಯಿತು ಅಂದರು. ಸರ್ಕಾರದ ನೇಕಾರ ಸಮ್ಮಾನ ಯೋಜನೆಯಲ್ಲಿ ವರ್ಷಕ್ಕೆ ಬರುವ 5,000 ಬಂತು, ಬಂದಷ್ಟೇ ಬೇಗ ಹೋಯಿತು. ಆಂಜಿಯೋಗ್ರಾಂ, ಓಡಾಟ, ಡ್ರೆಸ್ಸಿಂಗ್, ಗುಳಿಗೆ ಎಲ್ಲ ಸೇರಿಸಿದರೂ ಅಪ್ಪ ದುಡಿಯದೆ ಕಳೆದ ತಿಂಗಳುಗಳ ಕೂಲಿಯಷ್ಟು ಆಗುವುದಿಲ್ಲ. ಚಿಕಿತ್ಸೆ ಸರ್ಕಾರ ಕೊಟ್ಟಿತು, ಒಪ್ಪುತ್ತೇನೆ, ಕಾರ್ಡು ಇಲ್ಲದಿದ್ದರೆ ಅಪ್ಪನ ಕಾಲು ಇರುತ್ತಿರಲಿಲ್ಲ. ಆದರೆ ದಿನಗೂಲಿಯವನು ಹಾಸಿಗೆ ಹಿಡಿದ ದಿನಗಳಿಗೆ ಯಾವ ಕಾರ್ಡೂ ಇಲ್ಲ. ಕಾಲು ಉಳಿಸಿ ಮನೆಗೆ ಕಳಿಸಿದ ಮೇಲೆ ಮನುಷ್ಯ ಆರು ತಿಂಗಳು ಏನು ಉಣ್ಣುತ್ತಾನೆ ಅನ್ನುವುದು ಪ್ಯಾಕೇಜಿನಲ್ಲಿ ಬರೆದಿರುವುದಿಲ್ಲ.

ಬೀಡಿ ಬಿಡಿಸಿದ್ದು ಬೇರೆಯೇ ಪುರಾಣ. ಬೀಡಿ ಮುಂದುವರಿದರೆ ಸ್ಟೆಂಟ್ ಹಾಕಿದ್ದು ದಂಡ ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. 1800-11-2356 ಅಂತ ಸರ್ಕಾರದ ಪುಕ್ಕಟೆ ಕ್ವಿಟ್‌ಲೈನ್ ಇದೆ, ತಂಬಾಕು ಬಿಡುವವರಿಗೆ ಫೋನಿನಲ್ಲೇ ಸಲಹೆ ಕೊಡುತ್ತಾರೆ. ನಾನೇ ಹಚ್ಚಿ ಕೈಗೆ ಕೊಟ್ಟೆ. ಅಪ್ಪ ಅವರ ಜೊತೆ ಮಗ್ಗದ ಸುದ್ದಿ ಮಾತಾಡಿದ. ಆದರೂ ಬಿಟ್ಟ. ಸಲಹೆಗೋ, ಪಕ್ಕದ ಹಾಸಿಗೆಯವರನ್ನು ನೋಡಿದ್ದಕ್ಕೋ ಗೊತ್ತಿಲ್ಲ.

ಈಗ ಬೆಳಿಗ್ಗೆ ನಡೆಯುತ್ತಾನೆ. ನೋವು ಬರುವವರೆಗೆ ನಡೆಯುವುದು, ನಿಲ್ಲುವುದು, ಇಳಿದ ಮೇಲೆ ಮತ್ತೆ ನಡೆಯುವುದು. ವಾರಕ್ಕೆ ಮೂರು ದಿನವಾದರೂ, ಅರ್ಧ ತಾಸಿನ ಮೇಲೆ, ಕಡಿಮೆ ಅಂದರೂ ಮೂರು ತಿಂಗಳು. ಇದು ನಿಜವಾದ ಚಿಕಿತ್ಸೆ, ಸುಮ್ನೆ ಹೇಳುವ ಮಾತಲ್ಲ, ಪಕ್ಕದ ಸಣ್ಣ ನಾಳಗಳು ಮತ್ತು ಸ್ನಾಯು ಇರುವ ರಕ್ತದಲ್ಲೇ ಜಾಸ್ತಿ ಕೆಲಸ ಮಾಡಲು ಕಲಿಯುತ್ತವಂತೆ. ಭೀಷ್ಮ ಕೆರೆಯ ದಂಡೆಯವರೆಗೆ ಹೋಗಿ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಹೇಳುತ್ತಾನೆ. ಮಗ್ಗದಲ್ಲಿ ಹೊಸ ಹಾಸು ಬಂದಿದೆ. ಮೊದಲಿನ ಅರ್ಧದಷ್ಟು ನೇಯುತ್ತಾನೆ, ಕೂಲಿಯಲ್ಲಿ ಮುಂಗಡ ಮುರಿಯುತ್ತಿದ್ದಾರೆ.

ಮೊನ್ನೆ ಮಾಡಿಸಿದ ಡಾಪ್ಲರ್‌ನಲ್ಲಿ ಎಡಗಾಲಿನ ಸ್ಟೆಂಟ್ ತೆರೆದಿದೆ. ಬಲಗಾಲಿನ ಅಂಕಿ 0.7 ಬಂದಿದೆ. ಈ ರೋಗ ಒಂದೇ ಕಾಲಿಗೆ ನಿಲ್ಲುವುದಿಲ್ಲ, ಹೃದಯದ ಕಡೆಗೂ ಕಣ್ಣಿಡಬೇಕು, ಸದ್ಯ ಬಲಗಾಲಿಗೆ ಬಲೂನ್ ಬೇಡ, ನಡಿಗೆ ಮತ್ತು ಗುಳಿಗೆ ಸಾಕು ಅಂದರು. ಆರು ತಿಂಗಳಿಗೆ ಮತ್ತೆ ಡಾಪ್ಲರ್, ಅದಕ್ಕೆ 2,500 ಎತ್ತಿಡಬೇಕು.

ಬಸ್ಸಿನಲ್ಲಿ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ಅಪ್ಪ ಕೇಳಿದ, “ಕಾರ್ಡಿನ ಐದು ಲಕ್ಷ ವರ್ಷಾ ಹೊಸದಾಗಿ ಬರ್ತೈತೇನು?”

ಬರುತ್ತದೆ ಅಂದೆ.

“ಹಂಗಾದ್ರ ಬಲಗಾಲಿಂದು ಚಿಂತಿಲ್ಲ ಬಿಡು.”

ಅವ್ವ ಕಿಟಕಿ ಕಡೆಯಿಂದ ತಿರುಗಿ, “ಕೈಯಾಗ ಹೊಳ್ಳಿ ಬೀಡಿ ಕಂಡ್ರ ಆ ಕಾರ್ಡ್ ಹರದು ಒಗೀತೀನಿ” ಅಂದಳು.